ಹತ್ತು ಕಾಲಿನ ಜೇಡ ಅಂತ ಒಂದಿದೆಯಾ?

ಪ್ರಶ್ನೆ: ಮೈಸೂರಿನಿಂದ ಅರಿಜೋನಾದ ಚಾಂಡ್ಲರ್‌ಗೆ ಬಂದು ಐದು ತಿಂಗಳಾಯಿತು. ಜುಲೈನಲ್ಲಿ ಮೊದಲ ಮಳೆ ಬಿದ್ದ ಮೇಲೆ ದಿನಕ್ಕೊಂದು ಹುಳ ಕಾಣುತ್ತಿದೆ. ಗ್ಯಾರೇಜಿನಲ್ಲಿ ಹಳದಿ ಬಣ್ಣದ, ಮೈತುಂಬಾ ಕೂದಲಿದ್ದ ಒಂದು ಪ್ರಾಣಿ ಬಾಣದ ಹಾಗೆ ಓಡಿತು. ಅದು ಮೂಲೆಯಲ್ಲಿ ನಿಂತಾಗ ಮಗ ಎಣಿಸಿ ಹತ್ತು ಕಾಲು ಅಂದ. ಹಿತ್ತಿಲ ಗೋಡೆಯ ಮೇಲೆ ತೆಳ್ಳಗಿನ ಚೇಳೊಂದು ಇತ್ತು. ಅಂಗಳದಲ್ಲಿ ಕೆಂಪು ಕೂದಲಿನ ದೊಡ್ಡ ಇರುವೆ ಒಂದೇ ಒಂದು ಓಡಾಡುತ್ತಿತ್ತು. ಇವೆಲ್ಲ ಏನು? ಯಾವುದು ಜೇಡ, ಯಾವುದು ಚೇಳು, ಯಾವುದು ಬರೀ ಹುಳ ಅಂತ ಹೇಗೆ ಗೊತ್ತಾಗುತ್ತದೆ? ಯಾವುದಕ್ಕೆ ಹೆದರಬೇಕು?

ಉತ್ತರ: ನಿಮ್ಮ ಮಗನ ಎಣಿಕೆ ಸರಿಯಾಗಿಯೇ ಇದೆ. ಅವನು ಎಣಿಸಿದ ಹತ್ತರಲ್ಲಿ ಎರಡು ಕಾಲಲ್ಲ, ಅಷ್ಟೇ. ಆರು ಕಾಲಿದ್ದರೆ ಕೀಟ, ಎಂಟಿದ್ದರೆ ಜೇಡದ ಬಳಗ ಅಂತ ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಆ ಸೂತ್ರದಲ್ಲಿ ತಪ್ಪೇನಿಲ್ಲ. ಆದರೆ ಎಣಿಸುವ ಮುಂಚೆ ಯಾವುದು ಕಾಲು, ಯಾವುದು ಕೈ ಅಂತ ತೀರ್ಮಾನ ಆಗಬೇಕಲ್ವಾ? ಅದನ್ನು ಯಾರೂ ಹೇಳಿಕೊಡುವುದಿಲ್ಲ. ಸೊನೋರಾ ಮರುಭೂಮಿಯಲ್ಲಿ ಮೊದಲ ವರ್ಷ ನಾನು ಎಡವಿದ್ದೂ ಅಲ್ಲೇ.

ನೀವು ಕಾಯುವುದು ಬೇಡ, ಮೂರರ ಹೆಸರನ್ನೂ ಮೊದಲೇ ಹೇಳಿಬಿಡುತ್ತೇನೆ. ಗ್ಯಾರೇಜಿನಲ್ಲಿ ಓಡಿದ್ದು ಸೊಲಿಫ್ಯೂಜ್. ಊರಿನವರು ಇದನ್ನು ಸನ್ ಸ್ಪೈಡರ್, ವಿಂಡ್ ಸ್ಕಾರ್ಪಿಯನ್, ಕ್ಯಾಮೆಲ್ ಸ್ಪೈಡರ್ ಅಂತೆಲ್ಲ ಕರೆಯುತ್ತಾರೆ. ಅದು ಜೇಡವೂ ಅಲ್ಲ, ಚೇಳೂ ಅಲ್ಲ. ಅದಕ್ಕೆ ವಿಷವಿಲ್ಲ. ಗೋಡೆಯ ಮೇಲಿದ್ದದ್ದು ಬಹುತೇಕ ಬಾರ್ಕ್ ಸ್ಕಾರ್ಪಿಯನ್. ಇದೊಂದರ ಬಗ್ಗೆ ಮಾತ್ರ ಹುಷಾರಾಗಿರಬೇಕು. ಅಂಗಳದ ‘ಇರುವೆ’ ಇರುವೆಯೇ ಅಲ್ಲ, ರೆಕ್ಕೆ ಇಲ್ಲದ ಹೆಣ್ಣು ಕಣಜ. ಬರಿಗೈಯಲ್ಲಿ ಹಿಡಿಯಲು ಹೋಗದಿದ್ದರೆ ಅದರಿಂದ ತೊಂದರೆ ಇಲ್ಲ.

ಈಗ ಆ ಎರಡು ‘ಕಾಲು’ಗಳ ವಿಷಯ. ಜೇಡ, ಚೇಳು, ಸೊಲಿಫ್ಯೂಜ್, ಉಣ್ಣೆ, ಇವೆಲ್ಲ ಒಂದೇ ದೊಡ್ಡ ಕುಟುಂಬ. ಇವಕ್ಕೆ ಮೀಸೆ ಇರುವುದಿಲ್ಲ. ಬಾಯಿಯ ಹತ್ತಿರ ಒಂದು ಜೊತೆ ದವಡೆ, ಅದರ ಪಕ್ಕ ಒಂದು ಜೊತೆ ಕೈ, ಆಮೇಲೆ ನಾಲ್ಕು ಜೊತೆ ಕಾಲು. ಪುಸ್ತಕದಲ್ಲಿ ಆ ಕೈಗೆ ಪೆಡಿಪಾಲ್ಪ್ ಅನ್ನುತ್ತಾರೆ. ನಾವು ಕೈ ಅಂತಲೇ ಅನ್ನೋಣ. ತಮಾಷೆ ಏನೆಂದರೆ ಈ ಒಂದು ಅಂಗವನ್ನು ಒಂದೊಂದು ಗುಂಪು ಒಂದೊಂದು ಕೆಲಸಕ್ಕೆ ಹಚ್ಚಿದೆ. ಚೇಳಿಗೆ ಅದೇ ಇಕ್ಕಳ. ಸಾಮಾನ್ಯ ಜೇಡಕ್ಕೆ ಅದು ಬಾಯಿಯ ಪಕ್ಕ ಅಲುಗಾಡುವ ಎರಡು ಪುಟ್ಟ ತುಂಡು. ಗಂಡು ಜೇಡದಲ್ಲಿ ಅದರ ತುದಿ ಬಾಕ್ಸಿಂಗ್ ಗ್ಲೌಸ್ ಹಾಕಿದಂತೆ ಉಬ್ಬಿರುತ್ತದೆ, ಹೆಣ್ಣಿಗೆ ವೀರ್ಯ ದಾಟಿಸುವುದು ಅದರಿಂದಲೇ. ಟ್ಯಾರಂಟುಲಾದಲ್ಲಿ ಈ ಕೈ ಕಾಲಿನಷ್ಟೇ ದಪ್ಪ, ಹಾಗಾಗಿ ಅದನ್ನು ನೋಡಿದರೂ ಹತ್ತು ಕಾಲು ಅನ್ನಿಸುತ್ತದೆ. ಸೊಲಿಫ್ಯೂಜ್‌ನಲ್ಲಂತೂ ಕೈ ಮೊದಲ ಜೊತೆ ಕಾಲಿಗಿಂತ ಉದ್ದ, ದಪ್ಪ. ಅದನ್ನು ಮುಂದಕ್ಕೆ ಚಾಚಿಕೊಂಡೇ ಓಡುತ್ತದೆ, ಕತ್ತಲಲ್ಲಿ ಗೋಡೆ ತಡವುತ್ತಾ ಹೋಗುವ ಮನುಷ್ಯನ ಹಾಗೆ. ಅದರ ತುದಿಯಲ್ಲಿ ಉಗುರಿಲ್ಲ, ಅಂಟಿಕೊಳ್ಳುವ ಒಂದು ಮೆತ್ತೆ ಇದೆ. ನುಣುಪಾದ ಗಾಜಿನ ಮೇಲೂ ಹತ್ತಲು, ಬೇಟೆಯನ್ನು ಎಳೆದುಕೊಳ್ಳಲು ಅದು ಬೇಕು.

ಹಾಗಾದರೆ ಕಾಲು ಅಂತ ಹೇಗೆ ಗುರುತಿಸುವುದು? ತುದಿಯಲ್ಲಿ ಉಗುರಿದೆಯಾ, ನಡೆಯುವಾಗ ನೆಲಕ್ಕೆ ಊರುತ್ತದಾ, ಅಂತ ನೋಡಬಹುದು. ಆದರೆ ಇವೆರಡೂ ಕೆಲವೊಮ್ಮೆ ಕೈಕೊಡುತ್ತವೆ. ಎಲ್ಲಕ್ಕಿಂತ ನಂಬಬಹುದಾದ ದಾರಿ ಹಿಂದಿನಿಂದ ಎಣಿಸುವುದು. ಕೊನೆಯ ಜೊತೆಯಿಂದ ಶುರುಮಾಡಿ ಮುಂದೆ ಬನ್ನಿ, ಒಂದು, ಎರಡು, ಮೂರು, ನಾಲ್ಕು. ಅದರ ಮುಂದೆಯೂ ಒಂದು ಜೊತೆ ಉಳಿದಿದ್ದರೆ ಅದು ಕೈ. ಇದನ್ನು ಮಗನಿಗೆ ಹೇಳಿಕೊಡಿ, ಒಂದೇ ದಿನದಲ್ಲಿ ಕಲಿಯುತ್ತಾನೆ.

ನನಗಾದ ಎಡವಟ್ಟು ಉಲ್ಟಾ. ಟುಸಾನ್‌ನ ಆಚೆ ಒಂದು ರಾತ್ರಿ ಟಾರ್ಚ್ ಬೆಳಕಲ್ಲಿ ಕಪ್ಪು ಪ್ರಾಣಿಯೊಂದು ಕಂಡಿತು. ಆರು ಕಾಲಲ್ಲಿ ನಡೆಯುತ್ತಿತ್ತು, ಮುಂದೆ ಎರಡು ಉದ್ದ ಮೀಸೆ ಆಡಿಸುತ್ತಿತ್ತು. ಯಾವುದೋ ದೊಡ್ಡ ಮಿಡತೆಯ ಜಾತಿ ಅಂತ ಬಗ್ಗಿ ನೋಡಿದೆ. ಮೂಗಿಗೆ ಘಾಟು ಹೊಡೆಯಿತು ನೋಡಿ, ಉಪ್ಪಿನಕಾಯಿ ಜಾಡಿಗೆ ವಿನಿಗರ್ ಸುರಿದ ಹಾಗೆ. ಅದು ವಿನಿಗರೂನ್. ನಾನು ಮೀಸೆ ಅಂದುಕೊಂಡದ್ದು ಅದರ ಮೊದಲ ಜೊತೆ ಕಾಲು. ನಡೆಯುವ ಕೆಲಸ ಬಿಟ್ಟು ತಡವಿ ನೋಡುವ ಕೆಲಸಕ್ಕೆ ಇಳಿದಿದೆ. ಕೈಗಳು ದಪ್ಪ ಇಕ್ಕಳಗಳಾಗಿವೆ. ಹಿಂದೆ ಚಾಟಿಯಂಥ ಬಾಲ ಇದೆ, ಕೊಂಡಿ ಇಲ್ಲ. ಬಾಲದ ಬುಡದಿಂದ ಚಿಮ್ಮಿಸುವ ದ್ರವದಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಅಸಿಟಿಕ್ ಆಮ್ಲ. ನಮ್ಮ ಅಡುಗೆಮನೆಯ ವಿನಿಗರ್‌ನಲ್ಲಿ ಇರುವುದು ನಾಲ್ಕೈದು ಭಾಗ ಅಷ್ಟೇ. ಕಣ್ಣಿಗೆ ಬಿದ್ದರೆ ಉರಿಯುತ್ತದೆ, ವಿಷ ಮಾತ್ರ ಇಲ್ಲ. ಇದು ಅರಿಜೋನಾದ ಆಗ್ನೇಯ ಭಾಗದ ಪ್ರಾಣಿ, ಚಾಂಡ್ಲರ್‌ನಲ್ಲಿ ನಿಮಗೆ ಸಿಗುವುದು ಅಪರೂಪ.

ಸೊಲಿಫ್ಯೂಜ್‌ಗೆ ವಾಪಸ್ ಬರೋಣ, ಅದರ ಮೇಲೆ ಹೊರಿಸಿದಷ್ಟು ಸುಳ್ಳನ್ನು ಬೇರೆ ಯಾವ ಹುಳದ ಮೇಲೂ ಹೊರಿಸಿಲ್ಲ. ಮೆಕ್ಸಿಕೋದಲ್ಲಿ ಅದಕ್ಕೆ ‘ಮಾತಾವೆನಾದೋ’ ಅನ್ನುತ್ತಾರೆ, ಅಂದರೆ ಜಿಂಕೆ ಕೊಲ್ಲುವವ. ಪ್ರಾಣಿ ಇರುವುದು ಮೂರು ನಾಲ್ಕು ಸೆಂಟಿಮೀಟರ್! ಇರಾಕ್ ಯುದ್ಧದ ಹೊತ್ತಿನಲ್ಲಿ, 2004ರಲ್ಲಿ, ಸೈನಿಕನ ಕೈಯಲ್ಲಿ ಮೊಳದುದ್ದದ ‘ಒಂಟೆ ಜೇಡ’ ನೇತಾಡುವ ಫೋಟೋ ಒಂದು ಜಗತ್ತೆಲ್ಲ ಸುತ್ತಿತು. ನಿಮಗೂ ಬಂದಿರಬಹುದು. ಅದರಲ್ಲಿ ಇದ್ದದ್ದು ಒಂದಕ್ಕೊಂದು ಕಚ್ಚಿಕೊಂಡ ಎರಡು ಸೊಲಿಫ್ಯೂಜ್, ಅವನ್ನು ಕ್ಯಾಮೆರಾದ ಮೂತಿಗೇ ಹಿಡಿದಿದ್ದರು. ಮನುಷ್ಯರನ್ನು ಅಟ್ಟಿಸಿಕೊಂಡು ಬರುತ್ತದೆ ಅನ್ನುವುದು ಇನ್ನೊಂದು ಕಥೆ. ಅದಕ್ಕೆ ಬಿಸಿಲು ಆಗುವುದಿಲ್ಲ, ನಿಮ್ಮ ನೆರಳು ಕಂಡರೆ ನೆರಳಿಗೆ ಓಡಿ ಬರುತ್ತದೆ. ನೀವು ಓಡಿದರೆ ನೆರಳೂ ಓಡುತ್ತದೆ, ಅದೂ ಹಿಂದೆಯೇ ಬರುತ್ತದೆ. ಪಾಪ, ಅದಕ್ಕೆ ಬೇಕಾದದ್ದು ಕೊಡೆ.

ಗುರುತು ಹೇಳಬೇಕೆಂದರೆ ಮೂತಿ ನೋಡಿ. ಮುಂದೆ ಎರಡು ದಪ್ಪ ದವಡೆ, ಪ್ರತಿಯೊಂದೂ ಮೇಲೆ ಕೆಳಗೆ ಆಡುವ ಇಕ್ಕಳ. ದೇಹಕ್ಕೆ ಹೋಲಿಸಿದರೆ ಅಷ್ಟು ದೊಡ್ಡ ದವಡೆ ಇನ್ನಾವ ಬಳಗದಲ್ಲೂ ಸಿಗುವುದು ಕಷ್ಟ. ಕಚ್ಚಿದರೆ ನೋಯುತ್ತದೆ, ಹಿಡಿದರೆ ಕಚ್ಚುತ್ತದೆ, ಹಿಡಿಯಬೇಡಿ ಅಷ್ಟೇ. ಹೊಟ್ಟೆಯ ಮೇಲೆ ಉಂಗುರ ಉಂಗುರವಾಗಿ ಗೆರೆಗಳಿರುತ್ತವೆ, ನಡುವೆ ಸೊಂಟ ಇರುವುದಿಲ್ಲ. ಜೇಡಕ್ಕೆ ಹಾಗಲ್ಲ. ಜೇಡದ ಸೊಂಟ ದಾರದಷ್ಟು ಸಣ್ಣ, ಹೊಟ್ಟೆ ಗೆರೆಯಿಲ್ಲದ ಚೀಲ, ಅದರ ತುದಿಯಲ್ಲಿ ನೂಲು ಬಿಡುವ ಮೊಲೆಗಳು. ಸೊಲಿಫ್ಯೂಜ್ ನೂಲು ತೆಗೆಯುವುದಿಲ್ಲ, ಬಲೆ ಕಟ್ಟುವುದಿಲ್ಲ. ಬೇಟೆಯನ್ನು ಓಡಿಸಿಯೇ ಹಿಡಿದು ಆ ದವಡೆಯಲ್ಲಿ ಅರೆಯುತ್ತದೆ. ಅಂದ ಹಾಗೆ ಇದು ಅಮೆರಿಕದ್ದೇ ಸ್ವತ್ತಲ್ಲ, ದಖ್ಖನಿನ ಒಣನೆಲದಲ್ಲೂ ಇದರ ದಾಯಾದಿಗಳಿವೆ.

ಜೇಡಗಳ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ನಿಮಗೆ ಪರಿಚಯ ಇದ್ದದ್ದೇ. ಊರ ಮನೆಯ ಗೋಡೆ ಮೇಲೆ ಅಂಗೈ ಅಗಲದ ಚಪ್ಪಟೆ ಜೇಡ ಕೂರುತ್ತಿತ್ತಲ್ಲ, ಅದರದೇ ಕುಟುಂಬದ್ದು ಅಲ್ಲೂ ಇದೆ, ಮನೆಯೊಳಗೆ ಬಂದರೆ ಗಾಬರಿ ಬೇಡ. ಒಂದನ್ನು ಮಾತ್ರ ಗುರುತಿಟ್ಟುಕೊಳ್ಳಿ, ಬ್ಲ್ಯಾಕ್ ವಿಡೋ. ಹಿತ್ತಿಲ ಕಾಂಪೌಂಡ್ ಗೋಡೆಯ ಬುಡದಲ್ಲಿ, ಆಟದ ಸಾಮಾನಿನ ಕೆಳಗೆ, ಸಿಕ್ಕುಸಿಕ್ಕಾದ ಗಟ್ಟಿ ಬಲೆ ಕಟ್ಟುತ್ತದೆ. ಹೊಳೆಯುವ ಕಪ್ಪು ಮೈ, ಹೊಟ್ಟೆಯ ಅಡಿಯಲ್ಲಿ ಡಮರುವಿನ ಆಕಾರದ ಕೆಂಪು ಮಚ್ಚೆ. ಇದಕ್ಕೆ ನಿಜವಾಗಿಯೂ ವಿಷವಿದೆ, ಬಲೆಗೆ ಕೈ ಹಾಕಬೇಡಿ.

ಟ್ಯಾರಂಟುಲಾ ನೋಡಲು ಭಯಂಕರ, ಸ್ವಭಾವ ಸಾಧು. ಈಗ ಮಳೆಗಾಲದಲ್ಲಿ ರಸ್ತೆ ದಾಟುತ್ತಾ ಕಾಣುವವು ಬಹುಪಾಲು ಗಂಡುಗಳು, ಹೆಣ್ಣು ಹುಡುಕಿಕೊಂಡು ಹೊರಟವು. ಬೆಳೆದು ದೊಡ್ಡದಾಗಲು ಎಂಟು ಹತ್ತು ವರ್ಷ ಹಿಡಿಯುತ್ತದೆ, ಆಮೇಲೆ ಕೆಲವೇ ತಿಂಗಳು ಆಯಸ್ಸು. ಹೆಣ್ಣು ಬಿಲದಲ್ಲೇ ಕೂತು 20 ವರ್ಷಕ್ಕೂ ಹೆಚ್ಚು ಬದುಕುತ್ತದೆ. ರೇಗಿಸಿದರೆ ಹೊಟ್ಟೆಯ ಮೇಲಿನ ಕೂದಲನ್ನು ಹಿಂಗಾಲಿನಿಂದ ಕೊಡವಿ ಎಸೆಯುತ್ತದೆ. ಆ ಕೂದಲು ಚರ್ಮಕ್ಕೆ ತಾಗಿದರೆ ಕಂಬಳಿಹುಳ ಮುಟ್ಟಿದ ಹಾಗೆ ತುರಿಕೆ.

ಇನ್ನು ಚೇಳು. ಚೇಳನ್ನು ಚೇಳು ಅಂತ ಗುರುತಿಸಲು ಯಾರಿಗೂ ಪಾಠ ಬೇಕಿಲ್ಲ, ಇಕ್ಕಳ, ಐದು ಗಂಟಿನ ಬಾಲ, ತುದಿಯಲ್ಲಿ ಕೊಂಡಿ. ಯಾವ ಚೇಳು ಅನ್ನುವುದೇ ಪ್ರಶ್ನೆ. ನಮ್ಮ ಕಡೆ ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು, ದಪ್ಪ ಇಕ್ಕಳದ ದೊಡ್ಡ ಕರಿಚೇಳು ಕುಟುಕಿದರೆ ನೋವು, ಸಣ್ಣ ಕೆಂಪು ಚೇಳು ಕುಟುಕಿದರೆ ಜೀವಕ್ಕೇ ಅಪಾಯ. ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಅನ್ನುವ ಬಿಪಿ ಮಾತ್ರೆಯಿಂದ ಆ ಕೆಂಪು ಚೇಳಿನ ಸಾವುಗಳನ್ನು ತಗ್ಗಿಸಿ ತೋರಿಸಿದರು. ಇಕ್ಕಳ ತೆಳ್ಳಗಿದ್ದಷ್ಟೂ ವಿಷದ ಮೇಲೆ ಅವಲಂಬನೆ ಜಾಸ್ತಿ, ಇಕ್ಕಳ ದಪ್ಪಗಿದ್ದರೆ ಹಿಸುಕಿಯೇ ಕೊಲ್ಲುತ್ತದೆ, ಅನ್ನುವುದು ಒಂದು ಅಂದಾಜಿನ ಲೆಕ್ಕ. ಅಪವಾದಗಳಿವೆ, ಆದರೂ ಅರಿಜೋನಾದಲ್ಲಿ ಈ ಲೆಕ್ಕ ಚೆನ್ನಾಗಿ ನಡೆಯುತ್ತದೆ. ಅಲ್ಲಿನ ಜೈಂಟ್ ಹೇರಿ ಸ್ಕಾರ್ಪಿಯನ್ 14 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ, ಉತ್ತರ ಅಮೆರಿಕದಲ್ಲೇ ದೊಡ್ಡದು. ನೋಡಿದರೆ ಎದೆ ಧಸಕ್ಕೆನ್ನುತ್ತದೆ, ಕುಟುಕಿದರೆ ಜೇನುಹುಳ ಕಚ್ಚಿದಷ್ಟು. ನಿಮ್ಮ ಗೋಡೆಯ ಬಾರ್ಕ್ ಸ್ಕಾರ್ಪಿಯನ್ ಆರೇಳು ಸೆಂಟಿಮೀಟರ್, ಒಣಹುಲ್ಲಿನ ಬಣ್ಣ, ಕಡ್ಡಿಯಂಥ ಇಕ್ಕಳ, ಸಪೂರ ಬಾಲ. ನಮ್ಮ ಕೆಂಪು ಚೇಳಿನ ಕುಟುಂಬವೇ.

ಅದು ಗೋಡೆಯ ಮೇಲೆ ಇತ್ತು ಅಂತ ನೀವು ಬರೆದದ್ದೇ ನನಗೆ ದೊಡ್ಡ ಸುಳಿವು. ಅಲ್ಲಿನ ಬೇರೆ ಚೇಳುಗಳು ಹೆಚ್ಚಾಗಿ ನೆಲದಲ್ಲಿ, ಬಿಲದಲ್ಲಿ ಇರುತ್ತವೆ. ಇದು ಹತ್ತುತ್ತದೆ. ತಲೆಕೆಳಗಾಗಿ ನೇತುಕೊಳ್ಳುವುದೆಂದರೆ ಇದಕ್ಕೆ ಇಷ್ಟ, ಹಾಗಾಗಿ ಕಲ್ಲು ಎತ್ತಿದಾಗ ಅದು ನೆಲದ ಮೇಲಿರುವುದಿಲ್ಲ, ನೀವು ಹಿಡಿದ ಕಲ್ಲಿನ ಅಡಿಗೇ, ನಿಮ್ಮ ಬೆರಳಿನ ಪಕ್ಕದಲ್ಲೇ ಅಂಟಿರುತ್ತದೆ. ನನಗೆ ಕುಟುಕಿದ್ದು ಹಾಗಲ್ಲ ಬಿಡಿ, ಒಗೆದು ಒಣಹಾಕಿದ್ದ ಟವೆಲ್ ತೆಗೆಯುವಾಗ. ಕರೆಂಟ್ ಹೊಡೆದ ಹಾಗಾಯಿತು, ಆಮೇಲೆ ಮರುದಿನ ಸಂಜೆವರೆಗೂ ಮೊಣಕೈ ತನಕ ಜುಮುಜುಮು. ಊತ ಇಲ್ಲ, ಕೆಂಪಾಗಲಿಲ್ಲ, ಕುಟುಕಿದ ಗುರುತೇ ಇಲ್ಲ. ದೊಡ್ಡವರಿಗೆ ಸಾಮಾನ್ಯವಾಗಿ ಇಷ್ಟೇ. ಸಣ್ಣ ಮಕ್ಕಳ ವಿಷಯ ಬೇರೆ. ಕಣ್ಣುಗುಡ್ಡೆ ಗೊತ್ತುಗುರಿಯಿಲ್ಲದೆ ತಿರುಗುವುದು, ಕೈಕಾಲು ಎಳೆದಾಡುವುದು, ಜೊಲ್ಲು ಸುರಿಯುವುದು, ಉಸಿರಿಗೆ ಕಷ್ಟ, ಇವುಗಳಲ್ಲಿ ಒಂದು ಕಂಡರೂ 911ಕ್ಕೆ ಫೋನ್ ಮಾಡಿ. ಇದಕ್ಕೆ ಅನಾಸ್ಕಾರ್ಪ್ ಅನ್ನುವ ಪ್ರತಿವಿಷ ಇದೆ, ಮೆಕ್ಸಿಕೋದಲ್ಲಿ ತಯಾರಾಗುವುದು, 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಲಕ್ಷಣ ಇಷ್ಟು ಜೋರಿಲ್ಲದಿದ್ದರೆ ವಿಷದ ಸಹಾಯವಾಣಿ ಪಾಯ್ಸನ್ ಕಂಟ್ರೋಲ್‌ಗೆ 1-800-222-1222, ಹಗಲು ರಾತ್ರಿ ಯಾವಾಗಲೂ ಎತ್ತುತ್ತಾರೆ. ಹಗ್ಗ ಬಿಗಿಯುವುದು, ಕುಯ್ಯುವುದು ಏನೂ ಬೇಡ.

ಒಂದು ಯುವಿ ಟಾರ್ಚ್ ತಗೊಳ್ಳಿ. ನೇರಳಾತೀತ ಬೆಳಕು ಬಿದ್ದರೆ ಚೇಳಿನ ಮೈ ಹಸಿರು ನೀಲಿಯಾಗಿ ಹೊಳೆಯುತ್ತದೆ. ಅದರ ಕವಚದಲ್ಲಿರುವ ಪದಾರ್ಥದ ಗುಣ ಅದು, ಆಗತಾನೆ ಪೊರೆ ಬಿಟ್ಟ ಚೇಳು ಕವಚ ಗಟ್ಟಿಯಾಗುವ ತನಕ ಸರಿಯಾಗಿ ಹೊಳೆಯುವುದಿಲ್ಲ. ರಾತ್ರಿ ಒಂಬತ್ತರ ಮೇಲೆ ಹಿತ್ತಿಲಿಗೆ ಒಂದು ಸುತ್ತು ಹಾಕಿದರೆ ಗೋಡೆಯ ಮೇಲೆ ಎಷ್ಟಿವೆ ಅಂತ ಎಣಿಸಿಬಿಡಬಹುದು. ಮೊದಲ ರಾತ್ರಿ ಎಣಿಸಿದ ಮೇಲೆ ನಿದ್ದೆ ಬರದಿದ್ದರೆ ನಾನು ಜವಾಬ್ದಾರನಲ್ಲ.

ಈಗ ಆರು ಕಾಲಿನವು. ಒಂದು ಜೊತೆ ಮೀಸೆ, ತಲೆ ಎದೆ ಹೊಟ್ಟೆ ಅಂತ ಮೂರು ಭಾಗ, ಹೆಚ್ಚಿನವಕ್ಕೆ ರೆಕ್ಕೆ. ನಿಮ್ಮ ‘ಕೆಂಪು ಇರುವೆ’ಯನ್ನು ಅಲ್ಲಿ ವೆಲ್ವೆಟ್ ಆಂಟ್ ಅನ್ನುತ್ತಾರೆ. ಒಂದೇ ಒಂದು ಇತ್ತು ಅಂದಿರಲ್ಲ, ಸುಳಿವು ಅದೇ. ಇರುವೆ ಹೀಗೆ ಒಂಟಿಯಾಗಿ ಗುರಿಯಿಲ್ಲದೆ ಅಲೆಯುವುದು ಕಡಿಮೆ, ಹತ್ತಿರದಲ್ಲಿ ಸಾಲೋ ಗೂಡೋ ಇದ್ದೇ ಇರುತ್ತದೆ. ಜೊತೆಗೆ ಇರುವೆಯ ಮೀಸೆ ಮೊಣಕೈ ಮಡಚಿದ ಹಾಗೆ ಬಾಗಿರುತ್ತದೆ, ನಡು ಭಾಗದಲ್ಲಿ ಗಂಟಿರುತ್ತದೆ. ಮೈತುಂಬಾ ಮಖಮಲ್ಲು, ಮೀಸೆಗೆ ಆ ಮೊಣಕೈ ಇಲ್ಲ, ಅಂದರೆ ಕಣಜ. ಅದರ ಕುಟುಕು ಜೋರು. ಕುಟುಕುಗಳ ನೋವಿಗೆ ಒಂದರಿಂದ ನಾಲ್ಕರ ತನಕ ಅಂಕ ಕೊಟ್ಟ ಜಸ್ಟಿನ್ ಶ್ಮಿಟ್ ಟುಸಾನ್‌ನಲ್ಲೇ ಇದ್ದವರು, 2023ರಲ್ಲಿ ತೀರಿಕೊಂಡರು. ಅವರ ಪಟ್ಟಿಯಲ್ಲಿ ಪೂರ್ತಿ ನಾಲ್ಕು ಅಂಕ ಪಡೆದವರಲ್ಲಿ ಒಂದು ನಿಮ್ಮೂರಲ್ಲೇ ಹಾರಾಡುತ್ತದೆ, ಟ್ಯಾರಂಟುಲಾ ಹಾಕ್. ನೀಲಿಗಪ್ಪು ಮೈ, ಕಿತ್ತಳೆ ರೆಕ್ಕೆ, ಬೆರಳುದ್ದದ ಕಣಜ. ತನಗಿಂತ ಎಷ್ಟೋ ತೂಕದ ಟ್ಯಾರಂಟುಲಾವನ್ನು ಕುಟುಕಿ ಮರಗಟ್ಟಿಸಿ ಎಳೆದೊಯ್ದು ಅದರ ಮೇಲೆ ಒಂದೇ ಮೊಟ್ಟೆ ಇಡುತ್ತದೆ. ಮರಿ ಆ ಜೀವಂತ ಜೇಡವನ್ನು ತಿಂದು ಬೆಳೆಯುತ್ತದೆ. ಮನುಷ್ಯರ ತಂಟೆಗೆ ಬರುವುದು ಬಹಳ ಕಡಿಮೆ.

ಕೀಟಗಳಲ್ಲಿ ಎರಡು ಗುಂಪನ್ನು ಬೇರೆ ಮಾಡಲು ಕಲಿತರೆ ಉಪಯೋಗ ಇದೆ, ಜೀರುಂಡೆ ಮತ್ತು ತಿಗಣೆಯ ಬಳಗ. ಬೆನ್ನು ನೋಡಿ. ಜೀರುಂಡೆಯ ಗಟ್ಟಿ ರೆಕ್ಕೆಗಳು ನಡುವೆ ನೇರ ಗೆರೆಯಲ್ಲಿ ಕೂಡುತ್ತವೆ, ಬೀರುವಿನ ಎರಡು ಬಾಗಿಲ ಹಾಗೆ. ತಿಗಣೆ ಬಳಗದ ಹುಳಗಳ ರೆಕ್ಕೆ ಸಾಮಾನ್ಯವಾಗಿ ಒಂದರ ಮೇಲೊಂದು ಅಡ್ಡ ಬರುತ್ತದೆ, ಭುಜದ ನಡುವೆ ತ್ರಿಕೋನ ಕಾಣುತ್ತದೆ. ಬಾಯಿ ಅಗಿಯುವುದಲ್ಲ, ಚುಚ್ಚುವ ಸೂಜಿ. ಮುಟ್ಟಿದರೆ ತಲೆ ಕೆಳಗೆ ಹಿಂಭಾಗ ಮೇಲೆ ಮಾಡಿ ನಿಂತು ನಾತ ಬಿಡುವ ಕರಿ ಹುಳ ಜೀರುಂಡೆ, ಅದಕ್ಕೆ ನಕ್ಕು ಸುಮ್ಮನಾಗಿ. ಆದರೆ ರಾತ್ರಿ ಹಾಸಿಗೆಯ ಹತ್ತಿರ ಉದ್ದ ಮೂತಿಯ, ಕಂದು ಬಣ್ಣದ, ಅರ್ಧಂಬರ್ಧ ಚಪ್ಪಟೆಯಾದದ್ದು ಕಂಡರೆ ಅದು ರಕ್ತ ಹೀರುವ ಕಿಸ್ಸಿಂಗ್ ಬಗ್ ಇರಬಹುದು. ಚಾಗಾಸ್ ರೋಗದ ಪರಾವಲಂಬಿ ಹರಡುವ ಬಳಗ ಇದು. ಅಮೆರಿಕದಲ್ಲಿ ಹಾಗೆ ರೋಗ ತಗಲುವುದು ಅಪರೂಪ, ಅಲರ್ಜಿಯೇ ಹೆಚ್ಚಿನ ತೊಂದರೆ. ಬರಿಗೈಯಲ್ಲಿ ಹೊಸಕಬೇಡಿ.

ಕಾಲು ಎಣಿಸಲಾಗದಷ್ಟು ಇದ್ದರೆ? ಆಗ ಒಟ್ಟು ಎಣಿಸುವುದು ಬಿಟ್ಟು ಒಂದು ಉಂಗುರಕ್ಕೆ ಎಷ್ಟು ಅಂತ ನೋಡಿ. ಒಂದೊಂದು ಉಂಗುರಕ್ಕೆ ಒಂದು ಜೊತೆ, ಚಪ್ಪಟೆ ಮೈ, ಸರಕ್ಕನೆ ಓಡುತ್ತದೆ, ಅದು ಜರಿ, ಅಂದರೆ ಶತಪದಿ. ನೂರು ಕಾಲು ಅನ್ನುವುದು ಬರೀ ಹೆಸರು. ಅಲ್ಲಿನ ಇಪ್ಪತ್ತು ಸೆಂಟಿಮೀಟರ್ ಉದ್ದದ ದೊಡ್ಡ ಜರಿಗೂ ಇರುವುದು 21 ಜೊತೆ ಮಾತ್ರ. ಕಾಲು ಕೈಯಾಗುವ ಆಟ ಇಲ್ಲೂ ಇದೆ ನೋಡಿ, ತಲೆಯ ಕೆಳಗಿನ ಮೊದಲ ಜೊತೆ ಕಾಲೇ ವಿಷದ ಕೊಕ್ಕೆಯಾಗಿದೆ, ಜರಿ ಕಚ್ಚುವುದು ಬಾಯಿಂದಲ್ಲ. ಒಂದು ಉಂಗುರಕ್ಕೆ ಎರಡು ಜೊತೆ, ದುಂಡು ಮೈ, ನಿಧಾನ ನಡಿಗೆ, ಮುಟ್ಟಿದರೆ ಚಕ್ಕುಲಿ ಸುತ್ತಿಕೊಳ್ಳುತ್ತದೆ, ಅದು ಸಹಸ್ರಪದಿ. ವರ್ಷದ ಬಹುಪಾಲು ನೆಲದೊಳಗೆ ಇದ್ದು ಮಳೆಗೆ ಮೇಲೆ ಬರುತ್ತದೆ. ಕಚ್ಚುವುದಿಲ್ಲ, ಮೈಯಿಂದ ಒಸರುವ ದ್ರವ ಕಣ್ಣಿಗೆ ತಾಗದಿರಲಿ.

ಮಳೆ ಅಂದಾಗ ನೆನಪಾಯಿತು. ಫೀನಿಕ್ಸ್‌ಗೆ ವರ್ಷವಿಡೀ ಬೀಳುವುದು ಸುಮಾರು 18 ಸೆಂಟಿಮೀಟರ್, ಆಗುಂಬೆಯಲ್ಲಿ ಅಷ್ಟು ಸುರಿಯಲು ಜುಲೈನ ಒಂದು ವಾರ ಬೇಕಾಗಿಲ್ಲ. ಆ ಅಷ್ಟಿಷ್ಟು ಮಳೆಯನ್ನೇ ಇವೆಲ್ಲ ಕಾಯುತ್ತಿರುತ್ತವೆ, ಅದಕ್ಕೇ ನಿಮಗೆ ಈಗ ದಿನಕ್ಕೊಂದು ಕಾಣುತ್ತಿರುವುದು. ಊರಲ್ಲಿ ಮಿರಗದ ಮಳೆಗೆ ಹೊಲದಲ್ಲಿ ಕಾಣುವ ಕೆಂಪು ಮಖಮಲ್ಲಿನ ಹುಳ ಗೊತ್ತಲ್ವಾ? ಅಲ್ಲೂ ಇದೆ. ಜೋರು ಮಳೆಯ ಮರುದಿನ ಮರಳಿನ ಮೇಲೆ ಬಂದು, ರೆಕ್ಕೆ ಬಂದು ಹಾರಿ ಬಿದ್ದ ಗೆದ್ದಲನ್ನು ತಿಂದು, ಕೆಲವೇ ಗಂಟೆಯಲ್ಲಿ ಮತ್ತೆ ನೆಲಕ್ಕಿಳಿಯುತ್ತದೆ. ನಾವು ಹುಳ ಅಂದರೂ ಅದಕ್ಕೆ ಎಂಟು ಕಾಲು, ಉಣ್ಣೆಯ ಬಳಗ. ಆದರೆ ಇದರ ಮರಿಗೆ, ಉಣ್ಣೆಯ ಮರಿಗೂ ಅಷ್ಟೇ, ಆರೇ ಕಾಲು! ಪೊರೆ ಬಿಟ್ಟ ಮೇಲೆ ಎಂಟಾಗುತ್ತದೆ. ಮಗ ಸೂಕ್ಷ್ಮದರ್ಶಕ ಹಿಡಿಯುವ ವಯಸ್ಸಿಗೆ ಬಂದಾಗ ಈ ಗುಟ್ಟು ಹೇಳಿ.

ಮೀಸೆ ಎರಡು ಜೊತೆ ಇದ್ದರೆ ಏಡಿ, ಸೀಗಡಿಯ ಬಳಗ. ಮರುಭೂಮಿಯಲ್ಲಿ ಸೀಗಡಿಯ ನೆಂಟರೇ ಅನ್ನಬೇಡಿ. 2021ರ ಜುಲೈನಲ್ಲಿ ಉತ್ತರ ಅರಿಜೋನಾದ ವುಪಾಟ್ಕಿಯಲ್ಲಿ ಹಳೆಯ ಕಾಲದ ಕಲ್ಲಿನ ಆಟದ ಅಂಗಳದೊಳಗೆ ಮಳೆನೀರು ನಿಂತಿತು. ಕೆಲವು ದಿನದಲ್ಲಿ ಆ ನೀರಲ್ಲಿ ನೂರಾರು ಟ್ರಯಾಪ್ಸ್ ಈಜಾಡುತ್ತಿದ್ದವು. ಗೊದಮೊಟ್ಟೆಗೆ ಗುರಾಣಿ ತೊಡಿಸಿದಂಥ ಮೂರು ಕಣ್ಣಿನ ಪ್ರಾಣಿ. ಅದರ ಮೊಟ್ಟೆ ಒಣ ಮಣ್ಣಲ್ಲಿ ದಶಕಗಳ ಕಾಲ ಕಾಯಬಲ್ಲದು.

ಮನೆಗೆ ಸಂಬಂಧಿಸಿದ್ದು ಸ್ವಲ್ಪ. ಬೂಟು, ಟವೆಲ್ ಕೊಡವಿ ಬಳಸಿ. ರಾತ್ರಿ ಬರಿಗಾಲಲ್ಲಿ ಹಿತ್ತಿಲಿಗೆ ಹೋಗಬೇಡಿ. ಬಾಗಿಲಡಿಯ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ, ಒಂದು ಕ್ರೆಡಿಟ್ ಕಾರ್ಡ್ ತೂರುವ ಸಂದಿ ಬಾರ್ಕ್ ಸ್ಕಾರ್ಪಿಯನ್‌ಗೆ ಧಾರಾಳ. ಒಳಗೆ ಬಂದದ್ದನ್ನು ಗಾಜಿನ ಬಾಟಲಿ ಕವುಚಿ ಹಿಡಿಯಿರಿ, ಚೇಳಿಗೆ ನುಣುಪು ಗಾಜು ಹತ್ತಲು ಬರುವುದಿಲ್ಲ. ಸೊಲಿಫ್ಯೂಜ್‌ಗೆ ಬರುತ್ತದೆ, ಬೇಗ ಮುಚ್ಚಳ ಹಾಕಿ.

ಮುಂದಿನ ಸಲ ಫೋಟೋ ಕಳಿಸುವಾಗ ಮೇಲಿನಿಂದ ಒಂದು, ಬದಿಯಿಂದ ಒಂದು ತೆಗೆಯಿರಿ. ಕಾಲುಗಳು ದೇಹಕ್ಕೆ ಸೇರುವ ಜಾಗ ಕಾಣಬೇಕು. ಅಳತೆ ಗೊತ್ತಾಗಲು ಪಕ್ಕದಲ್ಲಿ ನಾಣ್ಯ ಇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಗೋಡೆಯ ಮೇಲಿನ ಆ ತೆಳ್ಳಗಿನವನ ಪಕ್ಕ ಮಾತ್ರ ಬೇಡ, ಇಟ್ಟಿಗೆಯ ಅಳತೆಯಲ್ಲೇ ನಾನು ಲೆಕ್ಕ ಹಾಕಿಕೊಳ್ಳುತ್ತೇನೆ.